ಸೂರ್ಯ ಮುಳುಗುವ ಮೊದಲು ಒಂದು ಗುಳಿಗೆ

ಕಳೆದ ರವಿವಾರ ನಮ್ಮ ಪದ್ಮಕ್ಕ ಕಡಲೆಹಿಟ್ಟಿನ ಝುಣಕ ಬಾಯಿಗಿಟ್ಟು ಸೊಸೆಗೆ ಬೈದರು.

"ಝುಣಕಕ್ಕ ಉಪ್ಪ ಹಾಕೀಯೇನ, ಇಲ್ಲಾ ಬರೇ ಉಪ್ಪಿನ ಡಬ್ಬಿ ತೋರಿಸಿ ಇಳಿಸೀಯೇನ?"

ಬೈಸಿಕೊಂಡ ಸೊಸೆ ಶೋಭಾ ಸೆರಗಿನಿಂದ ಕಣ್ಣು ಒರೆಸಿಕೊಂಡು ನಕ್ಕಳು. ಬಾಗಿಲಲ್ಲಿ ನಿಂತಿದ್ದ ಮಗ ಅಣ್ಣಾಸಾಬ ಗೋಡೆಯ ಕಡೆ ಮುಖ ತಿರುಗಿಸಿದ. ನಾನಂತೂ ಓಪನ್ ಆಗಿಯೇ ಅತ್ತೆ. (ಈ ವಯಸ್ಸಿನಲ್ಲಿ ಅಳುವುದಕ್ಕೆ ಯಾರ ಅಪ್ಪಣೆ ಬೇಕು?)

ಒಂದು ಬೈಗುಳ ಕೇಳಿ ಮನೆಮಂದಿಯೆಲ್ಲ ಖುಷಿಗೆ ಅತ್ತದ್ದನ್ನು ನೀವು ಎಲ್ಲಾದರೂ ನೋಡಿದ್ದೀರಾ? ನಾನೂ ನೋಡಿರಲಿಲ್ಲ. ಅದು ಹೇಗೆ ಆಯಿತು ಅನ್ನುವುದೇ ಈ ವಾರದ ಮಾತು.

ಪದ್ಮಕ್ಕ ನನ್ನ ನೆಗೆಣ್ಣಿ, ಗಂಡನ ಅಣ್ಣನ ಹೆಂಡತಿ. ಅಂಕಲಿಯ ಮನೆ ಅವರದು. ನಾನು ಗಂಡನ ಫ್ಯಾಕ್ಟರಿ ನೌಕರಿಯ ಬೆನ್ನು ಹತ್ತಿ ಉಗಾರಕ್ಕೆ ಬಂದವಳು, ಗಂಡ ತೀರಿಕೊಂಡ ಮೇಲೂ ಇಲ್ಲೇ ಉಳಿದವಳು. ಬೆಳಗಾವಿಯ ಕಾನ್ವೆಂಟಿನಲ್ಲಿ ಕಲಿತು, ಪಿಯಾನೋ ಮೇಲೆ ಎರಡು ಹಾಡು ನುಡಿಸಲು ಬರುತ್ತದೆ ಅನ್ನುವ ಜಂಬ ಇಟ್ಟುಕೊಂಡು ಅಂಕಲಿಗೆ ಸೊಸೆಯಾಗಿ ಬಂದಾಗ ನನಗೆ ರೊಟ್ಟಿ ಬಡಿಯಲು ಬರುತ್ತಿರಲಿಲ್ಲ. ಬಡಿದದ್ದೆಲ್ಲ ಹರಿಯುತ್ತಿತ್ತು. ಪದ್ಮಕ್ಕ ನನ್ನ ಪಕ್ಕ ಕೂತು ಅಂದಿದ್ದರು: "ಇಂಗ್ಲಿಷ್‌ನ್ಯಾಗ ಬಡದ್ರ ಹರಿತೈತಿ ಸುಶೀಲಾ, ಕನ್ನಡದಾಗ ಬಡಿ."

ಅಂಥ ನಾಲಿಗೆ ಅದು. ಆ ನಾಲಿಗೆ ಈ ಸಲದ ದೀಪಾವಳಿಯ ಹೊತ್ತಿಗೆ ಸುಮ್ಮನಾಗಿಬಿಟ್ಟಿತ್ತು.

ಎದೆಯ ಗಂಟು. ಮಿರಜಿನಲ್ಲಿ ಆಪರೇಶನ್ ಆಗಿತ್ತು, ಲೈಟು (ರೇಡಿಯೇಶನ್) ಕೊಡಿಸಿದ್ದೂ ಆಗಿತ್ತು. ಆರಾಮಾದರು ಅಂತ ನಾವೆಲ್ಲ ಮರೆತೂ ಬಿಟ್ಟಿದ್ದೆವು. ಈಗ ಬೆನ್ನು ನೋವು ಅಂದರು. ನೋಡಿದರೆ ರೋಗ ಬೆನ್ನೆಲುಬಿಗೆ ಇಳಿದಿತ್ತು. ಮತ್ತೆ ಅದೇ ಮಿರಜು, ಅದೇ ಆಸ್ಪತ್ರೆ, ಅದೇ ಸರ್ಜನ್ನು. ಅವರು ಎಕ್ಸ್‌ರೇ ಫೋಟೋ ನೋಡಿದರು, ಕನ್ನಡಕ ತೆಗೆದರು, ಅಣ್ಣಾಸಾಬನ ಹೆಗಲ ಮೇಲೆ ಕೈಯಿಟ್ಟರು.

"ಆತಾ ಘರೀ ನ್ಯಾ. ಸೇವಾ ಕರಾ."

ಇನ್ನು ಮನೆಗೆ ಒಯ್ಯಿರಿ, ಸೇವೆ ಮಾಡಿರಿ. ಚಿಕ್ಕೋಡಿ, ರಾಯಬಾಗ, ಅಥಣಿ ಕಡೆಯವರಿಗೆ ಈ ಮರಾಠಿ ಮಾತನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಮಿರಜಿನಿಂದ ಈ ಮಾತು ಕೇಳಿಕೊಂಡು ಬಂದ ಕಾರು ಊರೊಳಗೆ ಬರುವ ಮೊದಲೇ ಸುದ್ದಿ ಬಂದಿರುತ್ತದೆ. ಬೀಗರು ಬಸ್ಸು ಹಿಡಿಯುತ್ತಾರೆ.

ಡಾಕ್ಟರು ಸುಳ್ಳು ಹೇಳಲಿಲ್ಲ. ಒಳ್ಳೆಯ ಮನುಷ್ಯರೇ. ಆದರೆ ಸೇವೆ ಅಂದರೆ ಏನು? ಕಾಲು ಒತ್ತುವುದು, ನೀರು ಕುಡಿಸುವುದು, ಮುಖ ನೋಡುತ್ತ ಕೂಡುವುದು. ನೋವಿಗೆ ಕೊಟ್ಟಿದ್ದ ಗುಳಿಗೆ ಎರಡನೇ ವಾರಕ್ಕೇ ಹತ್ತದಂತಾಯಿತು. ನಾನು ನೋಡಲು ಹೋದಾಗ ಪದ್ಮಕ್ಕ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಮಗ್ಗಲು ಬದಲಿಸುವಾಗ ಕೌದಿಯ ತುದಿಯನ್ನು ಹಲ್ಲಲ್ಲಿ ಕಚ್ಚಿ ಹಿಡಿಯುತ್ತಿದ್ದರು. ತಟ್ಟೆ ಹಾಗೇ ವಾಪಸು ಹೋಗುತ್ತಿತ್ತು.

ಒಂದು ದಿನ ಮಗನನ್ನು ಕರೆದು ಹೇಳಿದರು: "ನನಗ ಇನ್ನ ಅನ್ನ ಬ್ಯಾಡಪಾ. ವ್ರತಾ ಕೊಡಸ್ರಿ."

ಜೈನರ ಮನೆಗಳ ಪರಿಚಯ ಇಲ್ಲದವರಿಗಾಗಿ ಎರಡು ಮಾತು. ಆಯುಷ್ಯ ಮುಗಿಯುತ್ತ ಬಂದಿದೆ ಅಂತ ತಿಳಿದವರು, ಗುರುಗಳ ಅಪ್ಪಣೆ ಪಡೆದು, ಅನ್ನ ನೀರನ್ನು ಮೆಲ್ಲಮೆಲ್ಲಗೆ ಬಿಡುತ್ತ, ಸಮಾಧಾನದಿಂದ ದೇಹ ಬಿಡುವುದು ಸಲ್ಲೇಖನ. ನಮ್ಮಲ್ಲಿ ಅದಕ್ಕಿಂತ ದೊಡ್ಡ ಸಾವಿಲ್ಲ. ನಮ್ಮ ಅತ್ತೆಯವರು ಹಾಗೇ ಹೋದರು. ನಾನು ಕಣ್ಣಾರೆ ನೋಡಿದ್ದೇನೆ. ಒಂದೊಂದೇ ಬಿಡುತ್ತಾ ಹೋದರು: ಮೊದಲು ತುಪ್ಪ, ಆಮೇಲೆ ಬೆಲ್ಲ, ಆಮೇಲೆ ರೊಟ್ಟಿ. ಬೆಲ್ಲ ಬಿಟ್ಟ ದಿನ ನಕ್ಕು, "ಇದನ್ನ ಬಿಡೂದ ಭಾಳ ತ್ರಾಸ ಆತ ನೋಡವಾ" ಅಂದಿದ್ದರು. ಹೋಗುವಾಗ ಮುಖ ದೀಪದ ಹಾಗಿತ್ತು. ನನ್ನ ಕಾನ್ವೆಂಟ್ ಬುದ್ಧಿಗೆ ಆಗ ಎಷ್ಟೋ ಪ್ರಶ್ನೆಗಳಿದ್ದವು, ಆ ಮುಖ ನೋಡಿದ ಮೇಲೆ ಒಂದೂ ಉಳಿಯಲಿಲ್ಲ.

ಹಾಗಾಗಿ ಪದ್ಮಕ್ಕನ ಮಾತು ಹೊರಬಿದ್ದದ್ದೇ ತಡ, ಮನೆಯ ಹವಾ ಬದಲಾಯಿತು. ಅಳುತ್ತಿದ್ದವರು ಕೈಮುಗಿಯತೊಡಗಿದರು. ರಾಯಬಾಗದ ಬೀಗರು ಬಂದರು, ಕಾಗವಾಡದವರು ಬಂದರು. ಪಡಸಾಲೆಯಲ್ಲಿ ಸ್ತೋತ್ರ ಶುರುವಾಯಿತು.

"ಪುಣ್ಯಾತ್ಮಳು ಬಿಡ್ರಿ. ಒಂದು ಹುಂ ಅನ್ನಂಗಿಲ್ಲ, ಹಾಂ ಅನ್ನಂಗಿಲ್ಲ," ಅಂದರು ಒಬ್ಬ ಬೀಗಿತ್ತಿ.

ಹುಂ ಅನ್ನಲು ಬಾಯಿ ಖಾಲಿ ಇರಬೇಕಲ್ಲ? ಬಾಯಲ್ಲಿ ಕೌದಿ ಇತ್ತು.

ನಾನು ಇದನ್ನು ಹೇಳಿದರೆ "ಇಂಗ್ಲಿಷ್ ಕಾಕು ಶುರು ಮಾಡಿದ್ಳು" ಅನ್ನುತ್ತಿದ್ದರು. (ಕಾಕು ಅಂದರೆ ಚಿಕ್ಕಮ್ಮ. ಹಿಂದೆ ಅಂದದ್ದೂ ಉಂಟು.) ಆದರೂ ಶೋಭಾಳನ್ನು ಅಡುಗೆಮನೆಗೆ ಕರೆದು, ಇದು ವ್ರತವಲ್ಲ, ನೋವಿನ ಮಾತು ಅನ್ನಿಸುವುದಿಲ್ಲವೇ ಅಂತ ಕೇಳಿದೆ. ಅವಳು ಒಲೆಯ ಕಡೆ ನೋಡುತ್ತ ಅಂದಳು, "ನನಗೂ ಹಂಗ ಅನಸ್ತೈತ್ರಿ ಕಾಕು. ಆದ್ರ ನಾ ಸೊಸಿ. ನಾ ಅಂದ್ರ, ಅತ್ತೀ ವ್ರತಾ ತಪ್ಪಸಿದ್ಳು ಅಂತಾರ."

ಅದೇ ವಾರ ಒಬ್ಬ ಮಾತಾಜಿ, ನಮ್ಮ ಜೈನ ಸನ್ಯಾಸಿನಿ, ವಿಹಾರ ಮಾಡುತ್ತ ಊರ ಬಸದಿಗೆ ಬಂದಿಳಿದರು. ದಿಗ್ಗೇವಾಡಿಯ ಕಡೆಯಿಂದ ನಡೆದುಕೊಂಡೇ ಬಂದವರು. ಬಿಳಿ ಸೀರೆ, ಕೈಯಲ್ಲಿ ನವಿಲುಗರಿಯ ಪಿಂಛಿ. ಅಣ್ಣಾಸಾಬ ಹೋಗಿ ಅಡ್ಡಬಿದ್ದ. ಅವರು ಮನೆಗೆ ಬಂದರು. ನೆಲವನ್ನು ಪಿಂಛಿಯಿಂದ ಸವರಿ, ಪದ್ಮಕ್ಕನ ಎದುರಿಗೆ ಮಣೆ ಹಾಕಿಸಿಕೊಂಡು ಕೂತರು.

ಎಲ್ಲರೂ ದೊಡ್ಡ ಮಾತಿಗೆ ಕಾಯುತ್ತಿದ್ದರು. ಮಾತಾಜಿ ಕೇಳಿದ್ದು ಇಷ್ಟೇ.

"ಹಸಿವ ಆಗತೈತೇನವ್ವಾ?"

ಪದ್ಮಕ್ಕ ಇಲ್ಲ ಅಂತ ತಲೆಯಾಡಿಸಿದರು.

"ಹಸಿವ ಇಲ್ಲಂದ್ರ ಬಿಡೂದ ಏನನ್ನ?"

ಪದ್ಮಕ್ಕ ಕೌದಿಯ ತುದಿಯನ್ನು ಬೆರಳಿಗೆ ಸುತ್ತಿಕೊಂಡರು.

"ಮತ್ತ ಏನ ಆಗಾಕತ್ತೇತಿ? ನನಗ ಹೇಳ."

"ಬೆನ್ನರೀ," ಅಂದರು ಪದ್ಮಕ್ಕ. ಅಷ್ಟು ದಿನಗಳಲ್ಲಿ ಅವರು ಅಂದ ಮೊದಲ ಉದ್ದನೆ ಮಾತು ಅದು. "ಒಳಗ ಗರಗಸಾ ಎಳದಂಗ ಆಗತೈತ್ರಿ. ತಡಕೊಳ್ಳಾಕ ಆಗವಲ್ದು. ಲಗೂನ ಮುಗೀಲಿ ಅನ್ನಿಸೇತ್ರಿ."

ಮಾತಾಜಿ ಮಣೆಯನ್ನು ಇನ್ನೂ ಹತ್ತಿರ ಎಳೆದುಕೊಂಡರು. ಆಮೇಲೆ ಮೆಲ್ಲಗೆ ಅಂದರು, "ಲಗೂನ ಮುಗೀಲಿ ಅನ್ನೂದ ವ್ರತಾ ಅಲ್ಲವ್ವಾ. ಸಾವು ಬರಲಿ ಅಂತ ಆಸೆ ಮಾಡೂದನ್ನ ಶಾಸ್ತ್ರದಾಗ ದೋಷ ಅಂದಾರ. ನೋವಿಗೆ ಅಂಜಿ ಕೇಳಿದ್ರ ನಾ ಕೊಡಾಂಗಿಲ್ಲ." ಮಗನ ಕಡೆ ತಿರುಗಿದರು. "ಮೊದಲ ಈಕೀ ನೋವು ಕಡಿಮಿ ಮಾಡಸ್ರಿ. ಆಮ್ಯಾಲೆ ಈಕೀನ್ನ ಕೇಳೂಣು."

"ಡಾಕ್ಟರ್ ಏನೂ ಮಾಡಾಕ ಆಗಂಗಿಲ್ಲ ಅಂದಾರಲ್ರಿ, ಮಾತಾಜಿ."

"ರೋಗಕ್ಕ ಅಂದಾರೋ, ನೋವಿಗೆ ಅಂದಾರೋ?"

ಅಣ್ಣಾಸಾಬ ಅದನ್ನು ಕೇಳಿರಲಿಲ್ಲ. ನಮ್ಮಲ್ಲಿ ಯಾರು ಕೇಳುತ್ತಾರೆ?

ಈಗ ನನ್ನ ಒಂದು ಚಾಳಿ ಕೆಲಸಕ್ಕೆ ಬಂತು. ಬೋರ್ಡು ಕಂಡರೆ ಓದದೆ ಮುಂದೆ ಹೋಗುವುದು ನನ್ನಿಂದಾಗದು. ಕಾನ್ವೆಂಟಿನ ಕಾರಿಡಾರಿನಲ್ಲಿ ಶುರುವಾದದ್ದು, ಇನ್ನೂ ಹೋಗಿಲ್ಲ. ಹಿಂದಿನ ವರ್ಷ ಮೊಣಕಾಲು ತೋರಿಸಲು ಅದೇ ಮಿರಜಿನ ಆಸ್ಪತ್ರೆಗೆ ಹೋದಾಗ, ಎಕ್ಸ್‌ರೇ ಕೋಣೆಯ ಪಕ್ಕ ಒಂದು ಸಣ್ಣ ಬೋರ್ಡು ನೋಡಿದ್ದೆ. 'ಪೇನ್ ಕ್ಲಿನಿಕ್, ಬುಧವಾರ.' ಒಳಗಿದ್ದ ಆಯಾಳನ್ನು ಇದೇನು ಅಂತ ಕೇಳಿದ್ದೆ. "ಕ್ಯಾನ್ಸರ್‌ದವರ ನೋವು ಕಡಿಮಿ ಮಾಡೂ ಡಾಕ್ಟರೀನಬಾಯಿ" ಅಂದಿದ್ದಳು.

ಸರ್ಜನ್ ಕೂಡುವುದು ಎರಡನೇ ಮಜಲೆಯಲ್ಲಿ, ಅಂದರೆ ಮಹಡಿಯ ಮೇಲೆ. ಈ ಬೋರ್ಡು ಕೆಳಗಿನ ಮಜಲೆಯಲ್ಲಿ. ನಡುವೆ ಒಂದು ಜಿನಾ, ಬರೀ ಮೆಟ್ಟಿಲು. 'ಘರೀ ನ್ಯಾ' ಅನ್ನಿಸಿಕೊಂಡ ದಿನ ಪದ್ಮಕ್ಕನನ್ನು ಸ್ಟ್ರೆಚರಿನ ಮೇಲೆ ಅದೇ ಬಾಗಿಲ ಮುಂದಿನಿಂದಲೇ ಹೊರಗೆ ತಂದಿದ್ದರು!

ಅಣ್ಣಾಸಾಬನಿಗೆ ಹೇಳಿದೆ. ಬುಧವಾರ ಪದ್ಮಕ್ಕನನ್ನು ಕಾರಿನಲ್ಲಿ ಮಲಗಿಸಿಕೊಂಡು ಹೊರಟೆವು. ಕಬ್ಬಿನ ಸೀಜನ್ನು. ಕಾಗವಾಡ ದಾಟುವವರೆಗೆ ಟ್ರ್ಯಾಕ್ಟರುಗಳ ಹಿಂದೆಯೇ ತೆವಳಿದೆವು. ಪ್ರತಿ ತಗ್ಗಿಗೂ ಪದ್ಮಕ್ಕನ ಉಗುರು ನನ್ನ ಅಂಗೈಯಲ್ಲಿ ಇಳಿಯುತ್ತಿತ್ತು.

ಆಸ್ಪತ್ರೆಯ ಕೌಂಟರಿನಲ್ಲಿದ್ದ ಕ್ಲಾರ್ಕ್ ಕೇಳಿದ, "ಕುಣೀ ಪಾಠವಲಂ?" ಯಾರು ಕಳಿಸಿದರು?

ಅಣ್ಣಾಸಾಬ ನನ್ನ ಮುಖ ನೋಡಿದ. ನಮ್ಮ ಹತ್ತಿರ ಯಾವ ಡಾಕ್ಟರ ಚೀಟಿ ಇತ್ತು? ನಾನು ನಿಜವನ್ನೇ ಹೇಳಿದೆ. "ಮಾತಾಜಿ."

ಅವನು ತಲೆ ಎತ್ತದೆ ಬರೆದುಕೊಂಡ. 'ಡಾ. ಮಾತಾಜಿ, ಅಂಕಲಿ.'

ಒಳಗಿದ್ದ ಡಾಕ್ಟರೀನಬಾಯಿ ನನ್ನ ಮಗಳ ವಯಸ್ಸಿನವರು. ಮರಾಠಿಯಲ್ಲಿ ಅರ್ಧ, ಕನ್ನಡದಲ್ಲಿ ಅರ್ಧ ಮಾತು. ಕುರ್ಚಿ ಎಳೆದುಕೊಂಡು ಪದ್ಮಕ್ಕನ ಹತ್ತಿರ ಕೂತು, ಫೋಟೋ ಆಮೇಲೆ ನೋಡುತ್ತೇನೆ ಅಂದು, ಅವರ ಕೈ ಹಿಡಿದರು. ನೋವು ಎಲ್ಲಿ, ಎಲ್ಲಿಂದ ಎಲ್ಲಿಗೆ ಹೋಗುತ್ತದೆ, ಯಾವಾಗ ಹೆಚ್ಚು, ನಿದ್ದೆ ಬರುತ್ತದೆಯೇ, ಯಾವುದರ ಚಿಂತೆ. ನನಗೆ ಆಶ್ಚರ್ಯ. ರೋಗದ ಬಗ್ಗೆ ನಾವು ನೂರು ಸಲ ಉತ್ತರ ಕೊಟ್ಟಿದ್ದೆವು, ಪದ್ಮಕ್ಕನ ಬಗ್ಗೆ ಯಾರೂ ಕೇಳಿರಲಿಲ್ಲ.

ಆಮೇಲೆ ಕುಡಿಯುವ ಔಷಧ ಒಂದರ ಹೆಸರು ಹೇಳಿದರು. ಮಾರ್ಫಿನ್.

ಅಣ್ಣಾಸಾಬ ಜಿಗಿದೆದ್ದ. "ಅಫೀಮೇನ್ರಿ? ನಮ್ಮವ್ವ ಜೈನರ ಹೆಣಮಗಳ್ರಿ! ಚಹಾ ಸುದ್ದಾ ಕುಡದಾಕಿ ಅಲ್ಲ."

"ಅಮಲಿಗೆ ಕೊಡಾಕತ್ತಿಲ್ರಿ, ದಾದಾ. ನೋವಿಗೆ ಕೊಡಾಕತ್ತೇನಿ," ಅಂದರು ಡಾಕ್ಟರೀನಬಾಯಿ. ಮೊದಮೊದಲು ಸ್ವಲ್ಪ ಜೊಂಪು ಬರಬಹುದು, ಹೊಟ್ಟೆ ಕಟ್ಟುತ್ತದೆ, ಅದಕ್ಕೂ ಔಷಧ ಬೇರೆ ಇದೆ ಅಂತ ಬಿಡಿಸಿ ಹೇಳಿದರು. ಇದು ಎಲ್ಲ ಅಂಗಡಿಗಳಲ್ಲಿ ಸಿಗುವುದಿಲ್ಲ, ಲೈಸೆನ್ಸಿನ ಬಾಬತ್ತು, ಇಲ್ಲಿಂದಲೇ ಒಯ್ಯಬೇಕು. "ನಾಲ್ಕ ತಾಸಿಗೊಮ್ಮೆ ಗಡಿಯಾರ ನೋಡಿ ಕೊಡ್ರಿ. ನೋವು ಬಂದ ಮ್ಯಾಲೆ ಅಲ್ಲ, ಬರೂಕಿಂತ ಮೊದಲ."

ಕೊನೆಗೆ ಕೇಸ್ ಪೇಪರ್ ನೋಡಿ ಕೇಳಿದರು, "ಈ ಡಾಕ್ಟರ್ ಮಾತಾಜಿ ಕೋಣ್?"

ಯಾರು ಅಂತ ಹೇಳಿದೆ. ನಗಬಹುದು ಅಂದುಕೊಂಡಿದ್ದೆ. ನಗಲಿಲ್ಲ. "ಮ್ಯಾಲಿನ ಮಜಲೇದವರಕಿಂತ ಲಗೂ ಕಳಿಸ್ಯಾರ," ಅಂದರು.

ಇಲ್ಲಿಗೆ ಕತೆ ಮುಗಿಯಬೇಕಿತ್ತು. ಮುಗಿಯಲಿಲ್ಲ.

ಕೆಲವು ದಿನಗಳ ಮೇಲೆ ಅಣ್ಣಾಸಾಬ ಫೋನ್ ಮಾಡಿದ. "ಕಾಕು, ಔಷಧ ಹತ್ತಲಿಲ್ಲ. ಹಗಲಿ ಆರಾಮ ಇರ್ತಾಳ. ರಾತ್ರಿ ಮೊದಲಿಗಿಂತ ಜಾಸ್ತಿ ಒದ್ದಾಡ್ತಾಳ. ಬೀಗರೆಲ್ಲ, ಕರ್ಮ ಅನುಭವಿಸೂದ ತಪ್ಪಂಗಿಲ್ಲ ಅನ್ನಾಕತ್ತಾರ. ಇನ್ನ ಸಾಕ್ರಿ ಕಾಕು. ಮಾತಾಜಿ ಮುಂದಿನ ಊರಿಗೆ ಹ್ವಾದ್ರು, ಮತ್ತೊಬ್ಬ ಮುನಿ ಮಹಾರಾಜರನ್ನ ಕೇಳ್ತೇನಿ."

ಮತ್ತೊಬ್ಬರು ಹಸಿವೆಯ ಬಗ್ಗೆ ಕೇಳದಿದ್ದರೆ? ಪದ್ಮಕ್ಕ ಕೌದಿ ಕಚ್ಚಿಕೊಂಡೇ ಹೋಗುತ್ತಾರೆ. ಊರು ಪುಣ್ಯಾತ್ಮಳು ಅನ್ನುತ್ತದೆ. ಅವರಿಗೇನು ಬೇಕಿತ್ತು ಅನ್ನುವುದು ಯಾರಿಗೂ ಗೊತ್ತಾಗುವುದೇ ಇಲ್ಲ.

"ಬುಧವಾರ ತನಕಾ ತಡಿಯಪಾ. ಇನ್ನೊಮ್ಮೆ ಹೋಗೂಣು," ಅಂದೆ.

ಪದ್ಮಕ್ಕನಿಗೆ ಮತ್ತೆ ಆ ರಸ್ತೆ ಬೇಡವೆಂದು ನಾವಿಬ್ಬರೇ ಹೋದೆವು. ಡಾಕ್ಟರೀನಬಾಯಿ ಎಲ್ಲ ಕೇಳಿಕೊಂಡರು. ಎಷ್ಟು ಹಾಕಿದಿರಿ, ಯಾವ ಚಮಚ, ವಾಂತಿ ಆಯಿತೇ.

"ರಾತ್ರಿ ಎಷ್ಟಕ್ಕ ಕೊಟ್ರಿ?"

"ರಾತ್ರಿ?" ಅಣ್ಣಾಸಾಬ ತಬ್ಬಿಬ್ಬಾದ. "ರಾತ್ರಿ ಹೆಂಗ ಕೊಡಾಕ ಬರತೈತ್ರಿ? ಹೊತ್ತು ಮುಣಗಿದ ಮ್ಯಾಲೆ ಅವ್ವ ನೀರ ಸುದ್ದಾ ಮುಟ್ಟಂಗಿಲ್ಲ. ಲಗ್ನ ಆದಾಗಿಂದ ಆಕೀದು ನಿಯಮ ಐತ್ರಿ."

ಡಾಕ್ಟರೀನಬಾಯಿ ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು.

ಸಂಜೆ ಸೂರ್ಯನ ಜೊತೆ ಔಷಧವೂ ಮುಳುಗುತ್ತಿತ್ತು. ಬೆಳಗಿನವರೆಗೆ ಬರೀ ನೋವು. ಇದನ್ನು ನಾವು ಡಾಕ್ಟರಿಗೆ ಯಾಕೆ ಹೇಳಿರಲಿಲ್ಲ? ನಮಗದು ಹೇಳುವ ಸಂಗತಿ ಅಂತಲೇ ಅನ್ನಿಸಿರಲಿಲ್ಲ. ಉಸಿರಾಡುತ್ತೇವೆ ಅಂತ ಯಾರಾದರೂ ಡಾಕ್ಟರಿಗೆ ಹೇಳುತ್ತಾರೆಯೇ?

ಬೇರೆ ಡಾಕ್ಟರಾಗಿದ್ದರೆ ಬೈದು ಕಳಿಸುತ್ತಿದ್ದರು. 'ಏನ್ ಜನಾರೀ, ಸಾಯೂ ಹೊತ್ತಿನ್ಯಾಗೂ ನಿಯಮ ನಿಯಮ ಅಂತೀರಿ!' ಇವರು ಬೈಯಲಿಲ್ಲ. ಪೆನ್ನನ್ನು ಮೇಜಿನ ಮೇಲೆ ಉರುಳಿಸುತ್ತ ಯೋಚಿಸಿದರು. "ಆಜಿಯ ನಿಯಮ ಮುರದ್ರ ಆಜಿಗೆ ನಿದ್ದಿ ಬರಂಗಿಲ್ಲ," ಅಂದರು. ಹನ್ನೆರಡು ತಾಸು ಕೆಲಸ ಮಾಡುವ ಗುಳಿಗೆ ಇದೆ, ತರಿಸಬೇಕು, ತರಿಸುತ್ತೇನೆ ಅಂದರು.

"ಸೂರ್ಯ ಮುಣಗೂಕಿಂತ ಮೊದಲ ಒಂದು. ಹುಟ್ಟಿದ ಮ್ಯಾಲೆ ಒಂದು. ಜಗೀಬಾರದು, ಇಡೀ ನುಂಗಬೇಕು. ಚಾಲೇಲ?"

ನಡೆಯುತ್ತದೆಯೇ ಅಂತೆ! ಅಣ್ಣಾಸಾಬ ಅವರ ಕಾಲಿಗೆ ಬೀಳಲು ಹೋದ.

ನಾನು ವಾಪಸು ಬರುವಾಗ ಕಾರಿನಲ್ಲಿ ಇದನ್ನೇ ಯೋಚಿಸುತ್ತಿದ್ದೆ. ಮೇಲಿನ ಮಜಲೆಯ ಸರ್ಜನ್ ಕೆಳಗೆ ಯಾಕೆ ಕಳಿಸಲಿಲ್ಲ? ಕೆಟ್ಟತನವಲ್ಲ. ಕಳಿಸಿದರೆ ಸೋತೆ ಅಂತ ಅವರಿಗೆ ಅನ್ನಿಸುತ್ತದೆ. ನಮಗೂ ಹಾಗೇ. ಬೇರೆ ಡಾಕ್ಟರ ಹತ್ತಿರ ಹೋಗಿ ಅಂದರೆ ಕೈಬಿಟ್ಟರು ಅಂತ ಎದೆ ಒಡೆಯುತ್ತದೆ. ಅದರಲ್ಲೂ ಅದು ರೋಗ ವಾಸಿ ಮಾಡದ ಡಾಕ್ಟರು ಅಂದರೆ? ಇನ್ನು ಯಾತಕ್ಕೆ ಅನ್ನುತ್ತೇವೆ.

ನಮ್ಮ ಕಡೆ ಹೊಳೆಯ ದಂಡೆಯಿಂದ ಕಬ್ಬಿನ ಗಾಡಿ ಏರು ಹತ್ತುವಾಗ ಏನು ಮಾಡುತ್ತಾರೆ? ಎತ್ತು ಸೋತಿವೆ ಅಂತ ಗಾಡಿಯನ್ನು ಅಲ್ಲೇ ಬಿಟ್ಟು ಹೋಗುತ್ತಾರೆಯೇ? ಹಿಂದಿನ ಗಾಡಿಯ ಜೋಡಿಯನ್ನು ಬಿಚ್ಚಿ ತಂದು ಮುಂದೆ ಕಟ್ಟುತ್ತಾರೆ. ಮೊದಲ ಜೋಡಿಗೆ ಯಾರೂ ಮರ್ಯಾದೆ ಕಡಿಮೆ ಮಾಡುವುದಿಲ್ಲ. ಡಾಕ್ಟರುಗಳು ಕಬ್ಬಿನ ಗಾಡಿಯವರಿಂದ ಇಷ್ಟು ಕಲಿತರೆ ಸಾಕು. ಅದೂ ದೀಪಾವಳಿಯಲ್ಲಿ, ನೋವು ಶುರುವಾದಾಗಲೇ, ಜೋಡಿ ಕಟ್ಟಿದ್ದರೆ ಇನ್ನೂ ಒಳ್ಳೆಯದಿತ್ತು. ಏರಿನ ನಡುವೆ ಗಾಡಿ ಹಿಂದಕ್ಕೆ ಉರುಳಲು ಶುರುವಾದ ಮೇಲೆ ಜೋಡಿ ಕಟ್ಟುವುದು ಕಷ್ಟ.

ಕಾನ್ವೆಂಟಿನಲ್ಲಿ ನನಗೊಮ್ಮೆ ಹಲ್ಲುನೋವು ಬಂದಿತ್ತು. ಐರ್ಲೆಂಡಿನಿಂದ ಬಂದಿದ್ದ ಮುದಿ ಸಿಸ್ಟರ್ ಒಬ್ಬರು, "ಆಫರ್ ಇಟ್ ಅಪ್, ಚೈಲ್ಡ್" ಅಂದಿದ್ದರು. ನೋವನ್ನು ದೇವರಿಗೆ ಅರ್ಪಿಸು ಅಂತ. ಅಂದವರು ಹಾಗೇ ಹೋಗಲಿಲ್ಲ. ಜೇಬಿನಿಂದ ಲವಂಗದ ಎಣ್ಣೆ ತೆಗೆದು ಹತ್ತಿಯಲ್ಲಿ ಅದ್ದಿ ಹಲ್ಲಿಗೆ ಇಟ್ಟರು. ಅರ್ಪಿಸಲು ಆಮೇಲೆ ನನ್ನ ಹತ್ತಿರ ನೋವೇ ಉಳಿಯಲಿಲ್ಲ! ಆ ಎಣ್ಣೆಯ ವಾಸನೆ ಇವತ್ತಿಗೂ ನೆನಪಿದೆ. ಆ ಸಿಸ್ಟರ್, ಈ ಮಾತಾಜಿ ಎದುರುಬದುರು ಕೂತಿದ್ದರೆ ಯಾವ ಭಾಷೆಯಲ್ಲಿ ಮಾತಾಡುತ್ತಿದ್ದರೋ. ಮಾತು ಮಾತ್ರ ಕೂಡುತ್ತಿತ್ತು.

ಹೊಸ ಗುಳಿಗೆ ಬಂತು. ಶೋಭಾ ದಿನಾ ಸಂಜೆ ಹಿತ್ತಲಿಗೆ ಹೋಗಿ ಸೂರ್ಯನನ್ನು ನೋಡಿ ಬಂದು ಗುಳಿಗೆ ಕೊಡುತ್ತಾಳೆ. ಚಳಿಗಾಲದ ರಾತ್ರಿ ಹನ್ನೆರಡು ತಾಸಿಗಿಂತ ಒಂದಿಷ್ಟು ಉದ್ದ. ಹಾಗಾಗಿ ನಸುಕಿನಲ್ಲಿ ಪದ್ಮಕ್ಕ ಸ್ವಲ್ಪ ಮುಲುಗುತ್ತಾರೆ. "ಸೂರ್ಯ ಹುಟ್ಟ್ಯಾನೇನ ನೋಡವಾ," ಅಂತ ಸೊಸೆಯನ್ನು ಎಬ್ಬಿಸುತ್ತಾರೆ. ಲಗೂನ ಮುಗಿಯಲಿ ಅನ್ನುತ್ತಿದ್ದವರು ಈಗ ದಿನಾ ಬೆಳಗು ಕೇಳುತ್ತಿದ್ದಾರೆ.

ಹಲ್ಲಿಗೆ ಹರಿದಿದ್ದ ಕೌದಿಯ ತುದಿಯನ್ನು ಶೋಭಾ ಹೊಲಿದಿದ್ದಾಳೆ.

ರೋಗ ಎಲ್ಲಿಗೂ ಹೋಗಿಲ್ಲ, ಅದು ನನಗೆ ಗೊತ್ತು. ಪದ್ಮಕ್ಕನಿಗೂ ಗೊತ್ತು, ನಮ್ಮೆಲ್ಲರಿಗಿಂತ ಚೆನ್ನಾಗಿ ಗೊತ್ತು. ಆದರೆ ಕಳೆದ ರವಿವಾರ ಅವರು ದಿಂಬಿಗೆ ಒರಗಿ ಕೂತು, "ಝುಣಕಾ ತಿನ್ನಬೇಕ ಅನಸೇತಿ" ಅಂದರು. ಶೋಭಾ ಗಡಿಬಿಡಿಯಲ್ಲಿ ಉಪ್ಪು ಮರೆತಳು. ಉಳಿದದ್ದು ನಿಮಗೆ ಗೊತ್ತೇ ಇದೆ.

ಅರ್ಧ ರೊಟ್ಟಿ ಮುಗಿದ ಮೇಲೆ ನಾನು ಕೇಳಿದೆ, "ಅಕ್ಕಾ, ವ್ರತದ ಮಾತು ಏನ ಮಾಡಿದ್ರಿ?"

ಬಾಗಿಲಲ್ಲಿದ್ದ ಅಣ್ಣಾಸಾಬ ಒಂದು ಹೆಜ್ಜೆ ಒಳಗೆ ಬಂದ.

ಪದ್ಮಕ್ಕ ಬೆರಳಿಗಂಟಿದ ಝುಣಕವನ್ನು ನೆಕ್ಕಿಕೊಂಡರು. "ಮಾತಾಜಿ ಹೊಳ್ಳಿ ಬರ್ಲಿ. ಕೂತ ಮಾತಾಡ್ತೇನಿ. ತಗೋತೇನೋ ಇಲ್ಲೋ, ಅದು ನಾ ನೋಡಕೋತೇನಿ." ಆಮೇಲೆ ತಟ್ಟೆಯನ್ನು ಸೊಸೆಯ ಕಡೆ ಸರಿಸಿ ನಕ್ಕರು. "ಈಗರ ಬಿಡಾಕ ಏನರ ಐತಿ ನೋಡ, ಸುಶೀಲಾ. ಉಪ್ಪ ಹಾಕ್ರಿ ಮೊದಲ."

ನನಗೆ ಅತ್ತೆಯವರ ಬೆಲ್ಲ ನೆನಪಾಯಿತು.

ನೋವಿಗೆ ಕೈಮುಗಿದು, ಅದನ್ನೇ ವ್ರತ ಅಂದುಕೊಂಡ ಮನೆಗಳು ನಮ್ಮಲ್ಲಿ ಇನ್ನೆಷ್ಟಿವೆಯೋ?